ಗೇಣಿಯಿಂದ ಬಾಡಿಗೆಗೆ: ದಾಂಡೇಲಿ ಸೀಮೆಯ ಸಣ್ಣ ಒಡೆತನ

ಕೋಗಿಲಬನ, ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳನ್ನು ಒಳಗೊಂಡ ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದಾಗ, ಜಿಲ್ಲೆಯಲ್ಲಿ ಒಕ್ಕಲಿಗೆ ವಂಶಪಾರಂಪರ್ಯ ಹಕ್ಕನ್ನೂ ಸ್ಥಿರ ದರವನ್ನೂ ಕೊಡುತ್ತಿದ್ದ ಮೂಲಗೇಣಿ ಹಾಗೂ ಒಡೆಯನು ತನ್ನಿಚ್ಛೆಯಂತೆ ಬಿಡಿಸಬಹುದಾಗಿದ್ದ ಚಾಲಗೇಣಿ ಎಂಬ ಎರಡು ಪದ್ಧತಿಗಳು ಬೇರೂರಿದ್ದವು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿ ಜಮೀನನ್ನು ಸರ್ಕಾರಕ್ಕೆ ವಹಿಸಿ, ಏಳನೇ ನಮೂನೆಯಲ್ಲಿ ಅರ್ಜಿ ಹಾಕಿದ ಒಕ್ಕಲಿಗೆ ಭೂನ್ಯಾಯಮಂಡಳಿಯ ಮೂಲಕ ಅಧಿಭೋಗದ ಹಕ್ಕು, ಅಂದರೆ ಉಳುವವನನ್ನೇ ಒಡೆಯನಾಗಿಸುವ ನೋಂದಣಿ, ದೊರಕುವಂತೆ ಮಾಡಿತು. ಎರಡೆಕರೆಯ ಗೇಣಿಯಿಂದ ಬದುಕುತ್ತಿದ್ದ ವಿಧವೆಯೂ ದೊಡ್ಡ ಜಮೀನ್ದಾರನೂ ಬಹುಮಟ್ಟಿಗೆ ಒಂದೇ ತಕ್ಕಡಿಯಲ್ಲಿ ತೂಗಿಸಿಕೊಂಡದ್ದು ಈ ನ್ಯಾಯವಾದ ಕಾಯಿದೆಯ ಕಹಿ ಮುಖ.

ಅಷ್ಟರಲ್ಲಿ, 1950ರ ದಶಕದಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯಿಂದ ದಾಂಡೇಲಿಯು ಕಾರ್ಮಿಕರ ಪಟ್ಟಣವಾಗಿತ್ತು. ಕೃಷಿಭೂಮಿಯ ಗೇಣಿ ಕೆಲವು ವಿನಾಯಿತಿಗಳ ಹೊರತು ನಿಷಿದ್ಧವಾದ್ದರಿಂದ ಸಣ್ಣ ಹೂಡಿಕೆದಾರನಿಗೆ ಬಾಡಿಗೆ ಮನೆಯೇ ಸುರಕ್ಷಿತ ದಾರಿಯಾಯಿತು. ಒಂದು ವರ್ಷ ಮೀರಿದ ಗುತ್ತಿಗೆಯ ನೋಂದಣಿಯನ್ನು 1908ರ ಕಾಯಿದೆ ಕಡ್ಡಾಯಗೊಳಿಸಿದ್ದರಿಂದ ಹನ್ನೊಂದು ತಿಂಗಳ ಕರಾರು ರೂಢಿಗೆ ಬಂತು.