ಆಟದ ರೈಲಿನ ಕೂಗು

ರೈಲಿಗೆ ನಮ್ಮ ಮಕ್ಕಳು ಇಟ್ಟ ಹೆಸರು ‘ಚುಕುಬುಕು’. ದೊಡ್ಡವರು ಅದನ್ನು ಹೊಗೆಬಂಡಿಯೆಂದರು, ಉಗಿಬಂಡಿಯೆಂದರು. ಕಣ್ಣಿಗೆ ಕಂಡುದನ್ನು ಹಿಡಿದು ಹೆಸರಿಟ್ಟರು. ಮಗು ಕಿವಿಗೆ ಕೇಳಿದ್ದನ್ನು ಹಿಡಿಯಿತು. ವ್ಯಾಕರಣವು ಇಂಥ ಮಾತುಗಳನ್ನು ಅನುಕರಣಾವ್ಯಯಗಳೆಂದು ಕರೆದು ಒಂದು ಮೂಲೆಯಲ್ಲಿ ಕೂರಿಸಿದೆ. ಆದರೆ ಆಟದ ರೈಲನ್ನು ಮಾಡಿದವರಿಗೆ ಈ ಅನುಕರಣವೇ ಎಲ್ಲಕ್ಕಿಂತ ಕಠಿಣವಾದ ಕೆಲಸವಾಯಿತು.

ಕಾರಣ ಸ್ಪಷ್ಟವಾಗಿದೆ. ರೂಪವನ್ನು ಕಿರಿದುಮಾಡಬಹುದು, ನಲವತ್ತೆಂಟರಲ್ಲಿ ಒಂದು ಪಾಲಿಗೆ ಇಳಿಸಿದ ಎಂಜಿನೂ ನೋಡುವುದಕ್ಕೆ ಎಂಜಿನೇ. ಧ್ವನಿ ಹಾಗಲ್ಲ. ಸಿಳ್ಳನ್ನು ಅಷ್ಟು ಚಿಕ್ಕದು ಮಾಡಿದರೆ ಅದರ ಶ್ರುತಿ ಅಷ್ಟೇ ಪಟ್ಟು ಮೇಲೇರಿ, ಬಂಡಿಯ ಕೂಗು ಕೀಟದ ಕೀರಲಾಗಿಬಿಡುತ್ತದೆ. ಆಟದ ರೈಲಿಗೆ ಕಂಠ ಬಂದ ಕಥೆಯೆಂದರೆ ಈ ತೊಡಕನ್ನು ಬಿಡಿಸಿದ ಕಥೆಯೇ ಸರಿ.

ಜೋಷುವಾ ಲಯನಲ್ ಕೋವೆನ್ ನ್ಯೂಯಾರ್ಕಿನಲ್ಲಿ ಲಯನಲ್ ಕಂಪನಿಯನ್ನು ಪ್ರಾರಂಭಿಸಿದ್ದು 1900ರಲ್ಲಿ. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, 1934ರಲ್ಲಿ, ಸಾಲದ ಭಾರಕ್ಕೆ ಸಿಕ್ಕಿ ಕಂಪನಿಯ ಆಡಳಿತವೇ ನ್ಯಾಯಾಲಯ ನೇಮಿಸಿದವರ ಕೈಸೇರಿತು. ಮಿಕ್ಕಿ ಮೌಸ್ ಗೊಂಬೆಯಿದ್ದ ಒಂದು ಪುಟ್ಟ ಗಾಡಿ ಆ ವರ್ಷದ ಕ್ರಿಸ್‌ಮಸ್‌ನಲ್ಲಿ ಭರದಿಂದ ಮಾರಾಟವಾಯಿತು. ಮರುವರ್ಷ, 1935ರಲ್ಲಿ, ಆ ಕಂಪನಿ ಜನರ ಮುಂದಿಟ್ಟ ಹೊಸತನವೇ ಕೂಗುವ ರೈಲು.

ಅದರ ಉಪಾಯ ಜಾಣತನದ್ದು. ಎಂಜಿನಿನ ಹಿಂದೆ ಕಲ್ಲಿದ್ದಲು ಹೊತ್ತ ಟೆಂಡರಿನೊಳಗೆ ಒಂದು ಪುಟ್ಟ ಮೋಟಾರು, ಅದು ತಿರುಗಿಸುವ ಬೀಸಣಿಗೆ, ಆ ಗಾಳಿ ನುಗ್ಗುವ ಕೊಳಲಿನಂಥ ಕೋಣೆ. ಆದರೆ ಓಡುವ ಬಂಡಿಗೆ ‘ಈಗ ಕೂಗು’ ಎಂದು ಹೇಳುವುದು ಹೇಗೆ? ಹಳಿಗಳಲ್ಲಿ ಹರಿಯುತ್ತಿದ್ದುದು ಎ.ಸಿ. ವಿದ್ಯುತ್ತು. ಗುಂಡಿ ಒತ್ತಿದಾಗ ಅದರೊಡನೆ ಸ್ವಲ್ಪ ಡಿ.ಸಿ. ಬೆರೆಯುವಂತೆ ಮಾಡಿದರು. ಎಂಜಿನಿನ ಮೋಟಾರಿಗೆ ಅದರಿಂದ ಏನೂ ಬಾಧೆಯಿಲ್ಲ. ಟೆಂಡರಿನಲ್ಲಿದ್ದ ರಿಲೇ ಮಾತ್ರ ಡಿ.ಸಿ.ಗೆ ಓಗೊಟ್ಟು ಸಿಳ್ಳಿನ ಮೋಟಾರನ್ನು ಎಬ್ಬಿಸುತ್ತಿತ್ತು. ಒಂದೇ ಹಾದಿಯಲ್ಲಿ ಅನ್ನವೂ ಆಜ್ಞೆಯೂ ಹೋದಂತಾಯಿತು.

ಇಂದಿಗೂ ಹಳೆಯ ಬಂಡಿಗಳನ್ನು ಕಾಪಾಡಿಕೊಂಡವರು ಇದರ ರೋಗನಿದಾನವನ್ನು ವೈದ್ಯನಂತೆ ಕಿವಿಯಿಂದಲೇ ಮಾಡುತ್ತಾರೆ. ಗುಂಡಿ ಒತ್ತಿದರೆ ಕೂಗುವ ಬದಲು ಬಂಡಿ ಸುಮ್ಮನೆ ವೇಗ ಹೆಚ್ಚಿಸಿಕೊಂಡರೆ, ಟ್ರಾನ್ಸ್‌ಫಾರ್ಮರಿನಲ್ಲಿ ಡಿ.ಸಿ. ಮಾಡಿಕೊಡುವ ಬಿಲ್ಲೆ ಕೆಟ್ಟಿದೆ ಎಂದು ಅನುಮಾನ. ರಿಲೇ ‘ಟಕ್’ ಎಂದೂ ದನಿಯಿಲ್ಲದಿದ್ದರೆ ಮೋಟಾರಿನ ಬ್ರಷ್ಷುಗಳನ್ನು ನೋಡಬೇಕು. ಮೋಟಾರು ತಿರುಗಿಯೂ ಬರಿಯ ಬುಸುಗುಟ್ಟುವಿಕೆ ಕೇಳಿದರೆ ಕೋಣೆಯಲ್ಲೆಲ್ಲೋ ಗಾಳಿ ಸೋರುತ್ತಿದೆ. ಗುಂಡಿ ಬಿಟ್ಟ ಮೇಲೂ ಕೂಗು ನಿಲ್ಲದಿದ್ದರೆ ರಿಲೇ ಅಂಟಿಕೊಂಡಿದೆ.

1948ರಲ್ಲಿ ಲಯನಲ್ ಡೀಸೆಲ್ ಎಂಜಿನಿನ ಮಾದರಿಗೆ ಹಾರನ್ನು ಇಟ್ಟಿತು. ಅದಕ್ಕೆ ಶಕ್ತಿ ಒಳಗಿದ್ದ ಒಂದು ಟಾರ್ಚಿನ ಸೆಲ್ಲು. ಆಡಿ ಮರೆತ ಮಕ್ಕಳು ಸೆಲ್ಲನ್ನೂ ಮರೆತರು. ಅದು ಸೋರಿ ಒಳಗಿನ ಲೋಹವನ್ನೇ ತಿಂದುಹಾಕಿತು. ಪ್ರತಿಸ್ಪರ್ಧಿಯಾದ ಎ. ಸಿ. ಗಿಲ್ಬರ್ಟ್ ಕಂಪನಿ ಯುದ್ಧಾನಂತರ ತನ್ನ ಅಮೆರಿಕನ್ ಫ್ಲೈಯರ್ ರೈಲುಗಳಲ್ಲಿ ಕೂಗಿಗಿಂತ ಉಸಿರಿಗೆ ಬೆಲೆಕೊಟ್ಟಿತು: ಪುಟ್ಟ ಪಿಸ್ಟನ್ನೊಂದು ಹೊಗೆಯನ್ನೂ ಸದ್ದನ್ನೂ ಒಟ್ಟಿಗೆ ಉಗುಳುತ್ತಿತ್ತು. ಇಂಗ್ಲೆಂಡಿನ ಹಾರ್ನ್‌ಬಿ 1970ರ ದಶಕದಲ್ಲಿ ಹಿಡಿದ ದಾರಿ ಇನ್ನೂ ಸರಳ: ಬಡಗಿ ಮರ ಉಜ್ಜುವ ಉಪ್ಪುಕಾಗದದಂಥ ಒರಟು ಮೇಲ್ಮೈಯನ್ನು ಚಕ್ರದೊಡನೆ ತಿರುಗಿಸಿ ಉಜ್ಜಿಸುವುದು. ಅಗ್ಗದ ಉಪಾಯವೇನೋ ಹೌದು. ಆದರೆ ಚಕ್ರ ನಿಧಾನವಾದರೆ ಸದ್ದೂ ನಿಧಾನ, ಚಕ್ರ ನಿಂತರೆ ಸದ್ದೂ ನಿಲ್ಲುತ್ತಿತ್ತು. ಅನುಕರಣದ ಮರ್ಮ ಅದಕ್ಕೆ ಗೊತ್ತಿತ್ತು.

ಕಡೆಗೆ ವಿದ್ಯುನ್ಮಾನ ಬಂತು. ನಿಜವಾದ ಎಂಜಿನಿನ ಧ್ವನಿಯನ್ನೇ ಮುದ್ರಿಸಿ, ಉಗುರಿನಗಲದ ಚಿಪ್ಪಿನಲ್ಲಿ ಅಡಗಿಸಿ, ಪುಟ್ಟ ಸ್ಪೀಕರಿನಿಂದ ಹೊರಡಿಸಿದರು. 1990ರ ದಶಕದಲ್ಲಿ ಅಮೆರಿಕದ ಮಾದರಿ ರೈಲು ಸಂಘವು ಹಳಿಯ ಮೇಲೆ ಅಂಕೆಗಳ ರೂಪದಲ್ಲಿ ಆಜ್ಞೆ ಕಳುಹಿಸುವ ಪದ್ಧತಿಗೆ ಪ್ರಮಾಣಗಳನ್ನು ಗೊತ್ತುಮಾಡಿದ ಮೇಲೆ ಬೇರೆಬೇರೆ ತಯಾರಕರ ಯಂತ್ರಗಳು ಒಂದೇ ಭಾಷೆಯನ್ನಾಡತೊಡಗಿದವು. ಶ್ರುತಿಯ ತೊಡಕು ಇಲ್ಲಿಗೆ ಬಗೆಹರಿಯಿತೆ? ಪೂರ್ತಿಯಾಗಿ ಇಲ್ಲ. ಬರಿಯ ಸ್ಪೀಕರಿನ ಮುಂದಣ ಅಲೆಯನ್ನು ಹಿಂದಣ ಅಲೆ ನುಂಗಿ, ಗಂಭೀರವಾದ ಸ್ವರ ಸೊರಗುತ್ತದೆ. ಅದನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಕೂರಿಸಬೇಕು. ಹಳಿಯ ಮೇಲೆ ಕೊಂಚ ಕೊಳೆಯಿದ್ದರೂ ವಿದ್ಯುತ್ತು ತಪ್ಪಿ, ಗಾಯಕನಿಗೆ ಕೆಮ್ಮು ಬಂದಂತೆ ಧ್ವನಿ ಕಡಿಯುತ್ತದೆ. ಎಲ್ಲಕ್ಕೂ ಮೊದಲ ಮದ್ದು ಹಳಿಯನ್ನು ಒರೆಸುವುದೇ.

ಮತ್ತೊಂದು ದೋಷ ಸೂಕ್ಷ್ಮವಾದದ್ದು. ಎರಡು ಸಿಲಿಂಡರುಗಳ ಸಾಮಾನ್ಯ ಉಗಿ ಎಂಜಿನಿನಲ್ಲಿ ಪಿಸ್ಟನ್ನು ಹೋಗುವಾಗಲೂ ಬರುವಾಗಲೂ ಉಗಿ ಹೊರಬೀಳುವುದರಿಂದ, ಚಾಲಕಚಕ್ರದ ಒಂದು ಸುತ್ತಿಗೆ ನಾಲ್ಕು ಉಸಿರು. ಮುದ್ರಿತ ಧ್ವನಿ ಎಷ್ಟೇ ಸೊಗಸಾಗಿದ್ದರೂ ಈ ಲೆಕ್ಕ ತಪ್ಪಿದರೆ ಬಲ್ಲವನ ಕಿವಿ ಅದನ್ನು ಒಪ್ಪುವುದಿಲ್ಲ. ದನಿ ಇದ್ದರೆ ಸಾಲದು, ತಾಳವಿರಬೇಕು.

ಒಂದು ಸುತ್ತಿಗೆ ನಾಲ್ಕು ಉಸಿರು: ಚು-ಕು-ಬು-ಕು. ಎಣಿಸಿ ನೋಡಿ, ಅಕ್ಷರಗಳೂ ನಾಲ್ಕೇ. ಇದು ಕಾಕತಾಳೀಯವೇ ಇರಬಹುದು. ಆದರೂ ಇಷ್ಟೆಲ್ಲ ಬೀಸಣಿಗೆ, ಸೆಲ್ಲು, ಚಿಪ್ಪುಗಳನ್ನು ದಾಟಿ ತಯಾರಕರು ತಲುಪಿದ ತಾಳವನ್ನು, ಒಬ್ಬರ ಅಂಗಿಯನ್ನೊಬ್ಬರು ಹಿಡಿದು ಅಂಗಳದಲ್ಲಿ ರೈಲಾಟ ಆಡುವ ಮಕ್ಕಳು ಬರಿಯ ನಾಲಗೆಯಿಂದ ಸಾಧಿಸಿಬಿಟ್ಟಿದ್ದರು. ಆ ರೈಲು ಕೆಟ್ಟದ್ದನ್ನು ನಾನಂತೂ ಕಂಡಿಲ್ಲ.