ಸ್ತನ್ಯಪಾನದ ತೊಡಕುಗಳು ಮತ್ತು ಸ್ತನ ಕ್ಯಾನ್ಸರ್: ದಾವಣಗೆರೆ, ಹರಿಹರ

ದಾವಣಗೆರೆ ನಗರದ ವಿದ್ಯಾನಗರದಂಥ ಬಡಾವಣೆಗಳಿಂದ ತುಂಗಭದ್ರೆಯ ದಡದ ಹರಿಹರದವರೆಗಿನ ಪರಿಸರದಲ್ಲಿ ಹಾಲೂಡಿಸುವ ತಾಯಂದಿರಿಗೆ ಎದುರಾಗುವ ತೊಂದರೆಗಳು, ಅವಕ್ಕೆ ಇಲ್ಲಿನ ಮಕ್ಕಳ ವೈದ್ಯರು ಕಂಡುಕೊಂಡ ಪರಿಹಾರಗಳು, ಅದೇ ವಯಸ್ಸಿನಲ್ಲಿ ಕಾಣಿಸಿಕೊಳ್ಳಬಹುದಾದ ಸ್ತನ ಕ್ಯಾನ್ಸರ್ ಹಾಗೂ ಅದು ಮನೆಮಂದಿಯ ಮೇಲೆ ಹೊರಿಸುವ ಭಾರ ಈ ಲೇಖನದ ವಿಷಯ.

ದಾವಣಗೆರೆಯೆಂದರೆ ಬೆಣ್ಣೆದೋಸೆ, ಮಂಡಕ್ಕಿ, ಹತ್ತಿಗಿರಣಿಗಳನ್ನು ನೆನೆಯುವವರೇ ಹೆಚ್ಚು. ಎದೆಹಾಲಿನ ಕುರಿತ ವೈದ್ಯಕೀಯ ಸಾಹಿತ್ಯದಲ್ಲೂ ಈ ಊರಿಗೆ ಹೆಸರಿದೆ. 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಮಕ್ಕಳ ವಿಭಾಗದಲ್ಲಿ ಡಾ. ನಿರ್ಮಲಾ ಕೇಸರಿ, ಡಾ. ಸಿ.ಆರ್. ಬಾಣಾಪುರಮಠ, ಡಾ. ಶೋಭಾ ಬಾಣಾಪುರಮಠ ಮತ್ತು ಸಂಗಡಿಗರು 1990ರ ದಶಕದಲ್ಲಿ ನಡೆಸಿದ ಕೆಲಸ ಅದಕ್ಕೆ ಕಾರಣ.

ಅದರಲ್ಲಿ ಅತಿ ಸರಳವಾದದ್ದು, ಹೆಚ್ಚು ದೂರ ಹೋದದ್ದೂ ಅದೇ, ಸಿರಿಂಜ್ ವಿಧಾನ. ತೊಟ್ಟು ಒಳಸರಿದಿದ್ದರೆ ಮಗುವಿನ ಬಾಯಿಗೆ ಹಿಡಿತ ಸಿಗದು. ಮಗು ಅಳುತ್ತದೆ, ಎದೆ ಕಟ್ಟಿಕೊಳ್ಳುತ್ತದೆ, ಮನೆಯವರು ಬಾಟಲಿ ತರುತ್ತಾರೆ. ಬಿಸಾಡುವ ಸಿರಿಂಜಿನ ಸೂಜಿ ಸಿಕ್ಕಿಸುವ ತುದಿಯನ್ನು ಕತ್ತರಿಸಿ, ಒಳಗಿನ ದಂಡವನ್ನು ಆ ಕತ್ತರಿಸಿದ ಕಡೆಯಿಂದ ತೂರಿಸಿ, ನುಣುಪಾದ ಇನ್ನೊಂದು ಬಾಯನ್ನು ತೊಟ್ಟಿನ ಮೇಲಿಟ್ಟು ತಾಯಿಯೇ ನೋವಾಗದಷ್ಟು ಮೆಲ್ಲಗೆ ಎಳೆಯಬೇಕು. ಅರ್ಧದಿಂದ ಒಂದು ನಿಮಿಷ ಹಾಗೇ ಹಿಡಿದರೆ ತೊಟ್ಟು ಹೊರಬರುತ್ತದೆ. ಕೂಡಲೇ ಮಗುವನ್ನು ಎದೆಗಿಡಬೇಕು. ಬೆರಳೆಣಿಕೆಯ ತಾಯಂದಿರಲ್ಲಿ ಇದನ್ನು ಬಳಸಿದ ಅನುಭವವನ್ನು ಈ ತಂಡ 1993ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಸ್ತನ್ಯಪಾನ ತರಬೇತಿ ಪಠ್ಯದಲ್ಲಿ ಸಿರಿಂಜ್ ವಿಧಾನಕ್ಕೆ ಜಾಗ ಸಿಕ್ಕಿದೆ. ಕೆಲವೇ ರೂಪಾಯಿಯ ಉಪಕರಣವೊಂದು ಇಷ್ಟು ದೂರ ನಡೆದದ್ದು ಅಪರೂಪ.

ನಿಂತ ಹಾಲನ್ನು ಮರಳಿ ಬರಿಸುವುದು ಇದೇ ತಂಡದ ಇನ್ನೊಂದು ಆಸಕ್ತಿ. ಮಗು ಚೀಪಿದಷ್ಟೂ ಮೆದುಳಿನ ಕೆಳಭಾಗದ ಪಿಟ್ಯುಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಸುರಿಯುತ್ತದೆ, ಹಾಲು ಕೂಡುತ್ತದೆ. ಬರಿದಾದ ಎದೆಯನ್ನು ಮಗು ಚೀಪಲೊಲ್ಲದು. ಅದಕ್ಕಾಗಿ ಎದೆಯ ಮೇಲೆ ಹನಿಹನಿಯಾಗಿ ಹಾಲು ಬಿಡುತ್ತ, ಅಥವಾ ತೊಟ್ಟಿನ ಪಕ್ಕ ಸಣ್ಣ ನಳಿಕೆಯಿಟ್ಟು ಅದರಿಂದ ಹಾಲು ಕುಡಿಸುತ್ತ ಮಗುವನ್ನು ಚೀಪಲು ಒಲಿಸುತ್ತಾರೆ. ಹೊರರೋಗಿಗಳಾಗಿ ಬಂದ ತಾಯಂದಿರಲ್ಲಿ ಬಹುಪಾಲು ಮಂದಿಗೆ ಹೀಗೆ ಹಾಲು ಮರಳಿತೆಂದು ತಂಡ 2003ರಲ್ಲಿ ಬರೆಯಿತು. ಹೆರದ ಹೆಂಗಸಿನ ಎದೆಯಲ್ಲೂ ಹಾಲು ಬರಿಸಬಹುದೆಂಬ ಅದರ ವರದಿ 1993ರಷ್ಟು ಹಿಂದಿನದು.

ವೈದ್ಯರ ಮುಂದೆ ಹೆಚ್ಚಾಗಿ ಬರುವ ದೂರು ‘ಹಾಲು ಸಾಲ್ತಿಲ್ಲ’ ಎಂಬುದು. ಮಗು ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಉಚ್ಚೆ ಹೊಯ್ಯುತ್ತ ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಅತ್ತೆಯೋ ನೆರೆಯವರೋ ಆಡಿದ ಒಂದು ಮಾತಿಗೆ ಹೆದರಿ ಪುಡಿಹಾಲು ಶುರುವಾದರೆ ಮಗು ಚೀಪುವುದು ಕಡಿಮೆಯಾಗಿ ಹಾಲು ನಿಜಕ್ಕೂ ಇಳಿಯುತ್ತದೆ. ಬಾಣಂತನದ ಪದ್ಧತಿಗಳಲ್ಲಿ ಎಲ್ಲವೂ ತಳ್ಳಿಹಾಕುವಂಥವಲ್ಲ. ಅಂಟಿನುಂಡಿ, ಸಬ್ಬಸಿಗೆ ಸೊಪ್ಪು, ತವರಿನ ವಿಶ್ರಾಂತಿ ತಾಯಿಗೆ ಹಿತ. ಬಾಣಂತಿಗೆ ನೀರು ಕಡಿಮೆ ಕೊಡುವುದು, ಕೂಸಿಗೆ ಜೇನು ನೆಕ್ಕಿಸುವುದು, ಗಿಣ್ಣುಹಾಲು ಹಿಂಡಿ ಚೆಲ್ಲುವುದು ಮಾತ್ರ ಕೆಡುಕು. ಹೆರಿಗೆ ಆಸ್ಪತ್ರೆಗೆ ಬಂದರೂ ಸಮಸ್ಯೆ ತೀರಿಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗಿವೆ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಹಾಲು ಸಿಕ್ಕಿದ್ದು ಸುಮಾರು ಅರ್ಧದಷ್ಟು ಮಕ್ಕಳಿಗೆ. ದುಡಿಯುವ ತಾಯಿಗೆ 2017ರ ಕಾಯ್ದೆ 26 ವಾರಗಳ ರಜೆ ಕೊಟ್ಟಿದೆ, ಆದರೆ ಮಂಡಕ್ಕಿ ಭಟ್ಟಿಯಲ್ಲೋ ಹೊಲದಲ್ಲೋ ಕೂಲಿ ಮಾಡುವವಳಿಗೆ ಅದು ಬಹುಮಟ್ಟಿಗೆ ಕಾಗದದ ಮಾತು.

ಹಾಲು ಕಟ್ಟಿದರೆ ಎದೆ ಕೆಂಪಾಗಿ, ಬಿಸಿಯಾಗಿ, ಗಂಟುಗಂಟಾಗುತ್ತದೆ. ಸೋಂಕು ತಗುಲಿದರೆ ಜ್ವರ ಬರುತ್ತದೆ, ಕೀವು ತುಂಬಿಕೊಳ್ಳಬಹುದು. ಇದು ಸಾಮಾನ್ಯ ಸಂಗತಿಯಾದ್ದರಿಂದಲೇ ಅಪಾಯವೂ ಇದೆ. ಬಸುರಿನಲ್ಲಿ ಅಥವಾ ಹೆರಿಗೆಯಾದ ವರ್ಷದೊಳಗೆ ಪತ್ತೆಯಾಗುವ ಸ್ತನ ಕ್ಯಾನ್ಸರ್ ಅಪರೂಪ, ಸುಮಾರು ಮೂರು ಸಾವಿರ ಬಸುರಿಗೆ ಒಂದು. ಆ ಗಂಟನ್ನೂ ಮನೆಯವರು, ಕೆಲವೊಮ್ಮೆ ವೈದ್ಯರೂ, ‘ಹಾಲಿನ ಗಂಟು’ ಎಂದು ತಿಂಗಳುಗಟ್ಟಲೆ ಬಿಡುತ್ತಾರೆ. ಉರಿಯೂತದ ರೂಪದ ಕ್ಯಾನ್ಸರಂತೂ ಎದೆಬಾವನ್ನೇ ಹೋಲುತ್ತದೆ. ಒಂದು ಕೋರ್ಸ್ ಆ್ಯಂಟಿಬಯಾಟಿಕ್‌ಗೆ ಬಾವು ಇಳಿಯದಿದ್ದರೆ, ಗಂಟು ಎರಡು ವಾರಕ್ಕೂ ಕರಗದಿದ್ದರೆ, ಚರ್ಮ ಕಿತ್ತಳೆ ಸಿಪ್ಪೆಯಂತಾದರೆ, ಕಂಕುಳಲ್ಲಿ ಗಡ್ಡೆ ಸಿಕ್ಕರೆ ಅಲ್ಟ್ರಾಸೌಂಡ್ ಆಗಬೇಕು. ಅಗತ್ಯ ಕಂಡರೆ ಬಯಾಪ್ಸಿ. ಹಾಲೂಡಿಸುತ್ತಿರುವಾಗಲೂ ಎರಡನ್ನೂ ಮಾಡಬಹುದು, ಹಾಲು ಬಿಡಿಸಿಕೊಂಡು ಬನ್ನಿ ಎಂದು ಕಳಿಸಬೇಕಿಲ್ಲ.

ಹಾಲೂಡಿಸಿದವರಿಗೆ ಸ್ತನ ಕ್ಯಾನ್ಸರ್ ಬರುವುದಿಲ್ಲ ಎಂಬ ಮಾತು ಅರ್ಧ ಸತ್ಯ. 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ವಿಶ್ಲೇಷಣೆ ಹೇಳಿದ್ದು, ಹಾಲೂಡಿಸಿದ ಪ್ರತಿ ಹನ್ನೆರಡು ತಿಂಗಳಿಗೆ ಅಪಾಯ ಶೇ. 4.3ರಷ್ಟು ತಗ್ಗುತ್ತದೆ ಎಂದು. ತಗ್ಗುತ್ತದೆ, ಇಲ್ಲವಾಗುವುದಿಲ್ಲ. ನಾಲ್ಕು ಮಕ್ಕಳಿಗೆ ಹಾಲೂಡಿಸಿದವಳಿಗೆ ರೋಗ ಬಂದಾಗ ‘ನಾನೇನು ತಪ್ಪು ಮಾಡಿದೆ’ ಎಂಬ ಕೊರಗನ್ನೂ ಹೊರಿಸುವುದು ಅನ್ಯಾಯ. ಹಾಲೂಡಿಸಲಾಗದವಳಿಗೆ ಅದನ್ನೇ ಕಾರಣವೆಂದು ಹೇಳುವುದು ಇನ್ನೂ ಕ್ರೂರ.

ರೋಗ ಖಚಿತವಾದ ಮೇಲೆ ಕೂಸಿನ ಪ್ರಶ್ನೆ ಮುಂದೆ ಬರುತ್ತದೆ. ತಾಯಿಹಾಲಿನಿಂದ ಮಗುವಿಗೆ ಕ್ಯಾನ್ಸರ್ ಅಂಟುವುದಿಲ್ಲ. ಆದರೆ ಕೀಮೋಥೆರಪಿಯ ಔಷಧಗಳು ಹಾಲಿಗೆ ಇಳಿಯುವುದರಿಂದ ಆಗ ಹಾಲೂಡಿಸಬಾರದು, ಟ್ಯಾಮೊಕ್ಸಿಫೆನ್ ನುಂಗುವಾಗಲೂ ಅಷ್ಟೇ. ಒಂದು ಸ್ತನ ತೆಗೆದು ಚಿಕಿತ್ಸೆ ಮುಗಿದವರು ಮುಂದಿನ ಮಗುವಿಗೆ ಇನ್ನೊಂದರಿಂದ ಉಣಿಸಬಲ್ಲರು. ವಿಕಿರಣ ಪಡೆದ ಸ್ತನದಲ್ಲಿ ಹಾಲು ತೀರ ಕಡಿಮೆ. ಹಾರ್ಮೋನ್ ಚಿಕಿತ್ಸೆಯನ್ನು ಎರಡು ವರ್ಷದವರೆಗೆ ತಡೆಹಿಡಿದು ಬಸುರಾಗಲು ಯತ್ನಿಸಿದ 516 ಮಹಿಳೆಯರ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಮೊದಲ ಮೂರು ವರ್ಷಗಳಲ್ಲಿ ರೋಗ ಮರುಕಳಿಕೆ ಹೆಚ್ಚಿದ್ದು ಕಾಣಲಿಲ್ಲ. ಇವೆಲ್ಲ ಕ್ಯಾನ್ಸರ್ ತಜ್ಞರೊಡನೆ ಕೂತು ತೀರ್ಮಾನಿಸುವ ಮಾತು. ಚಿಕಿತ್ಸೆಯ ಅವಧಿಯಲ್ಲಿ ದಾನದ ಹಾಲು ಒಂದು ದಾರಿ. ಮುಂಬೈನ ಸಯನ್ ಆಸ್ಪತ್ರೆಯಲ್ಲಿ 1989ರಲ್ಲೇ ಹಾಲಿನ ಬ್ಯಾಂಕ್ ತೆರೆದಿತ್ತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯ ‘ಅಮೃತಧಾರೆ’ ಬಂದದ್ದು 2022ರಲ್ಲಿ. ದಾನದ ಹಾಲು ಕೈಗೆಟುಕದ ಮನೆಗಳಲ್ಲಿ ವೈದ್ಯರು ಹೇಳಿದ ಅಳತೆಯ ಪುಡಿಹಾಲನ್ನು ಶುಚಿಯಾದ ಲೋಟದಿಂದ ಕುಡಿಸಿದರಾಯಿತು, ಅದರಲ್ಲಿ ತಾಯಿಯ ಸೋಲೇನಿಲ್ಲ.

ಉಳಿದ ಭಾರ ಮನೆಯದು. ದಾವಣಗೆರೆ ಕಡೆಯವರು ಕ್ಯಾನ್ಸರ್ ಚಿಕಿತ್ಸೆಗೆಂದು ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹುಬ್ಬಳ್ಳಿ ನವನಗರದ ಆಸ್ಪತ್ರೆಗೋ ಅಲೆಯುವುದು ಹಳೆಯ ರೂಢಿ. ವಿಕಿರಣವೆಂದರೆ ವಾರಗಟ್ಟಲೆ ದಿನವೂ ಹೋಗಬೇಕಾದ ಚಿಕಿತ್ಸೆ. ಗಂಡ ಕೂಲಿ ಬಿಡಬೇಕು, ಕೂಸು ಅಜ್ಜಿಯ ಮಡಿಲಿಗೆ, ದೊಡ್ಡ ಮಗಳಿದ್ದರೆ ಶಾಲೆ ತಪ್ಪಿಸಿ ಒಲೆ ಮುಂದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ, ಜೊತೆಗಾರರಿಗೆ ಶೇ. 75ರಷ್ಟು ರಿಯಾಯಿತಿ ಇದೆ. ಆಸ್ಪತ್ರೆಯ ಪ್ರಮಾಣಪತ್ರ ಕೇಳಿ ಪಡೆಯಬೇಕು. ಕಳೆದ ಕೂಲಿಗೆ ಮಾತ್ರ ಯಾವ ಕಾರ್ಡೂ ಇಲ್ಲ.

ತಾಯಿ, ಅಕ್ಕತಂಗಿಯರಲ್ಲಿ ಚಿಕ್ಕ ವಯಸ್ಸಿಗೇ ರೋಗ ಬಂದಿದ್ದರೆ ಉಳಿದವರೂ ತಜ್ಞರನ್ನು ಕಾಣಬೇಕು, ದೋಷವುಳ್ಳ ಬಿ.ಆರ್.ಸಿ.ಎ. ವಂಶವಾಹಿ ತಂದೆಯ ಕಡೆಯಿಂದಲೂ ಬರಬಹುದು. ಭಾರತದಲ್ಲಿ 2022ರಲ್ಲಿ ಸುಮಾರು 1.92 ಲಕ್ಷ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತೆಂಬ ಅಂದಾಜಿದೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿಯ 2020ರ ವರದಿಯಂತೆ ಶೇ. 57ರಷ್ಟು ರೋಗಿಗಳಲ್ಲಿ ಪತ್ತೆಯ ವೇಳೆಗೆ ಗಡ್ಡೆ ಸುತ್ತಲೂ ಹಬ್ಬಿತ್ತು. ಮೂವತ್ತು ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಸ್ತನ ತಪಾಸಣೆ ಆಗಬೇಕೆಂಬುದು ಸರ್ಕಾರದ್ದೇ ಕಾರ್ಯಕ್ರಮ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ದೇಶದ ಲೆಕ್ಕದಲ್ಲಿ 30ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ಒಮ್ಮೆಯಾದರೂ ಅಂಥ ತಪಾಸಣೆ ಮಾಡಿಸಿಕೊಂಡವರು ಶೇ. 0.9 ಮಾತ್ರ.