ಹಾಲಿ, ಕಲ್ದಾರ, ರಿಯಾಲು

ನಮ್ಮೂರು ಹುಡಗಿಯ ಜನರಿಗೆ ಮೊದಲ ಪರದೇಶ ಸೊಲ್ಲಾಪುರ. ದುಬೈ, ಜೆದ್ದಾ ಎಲ್ಲ ಆಮೇಲೆ ಬಂದವು. ಹುಮನಾಬಾದಿನಲ್ಲಿ ಹೆದ್ದಾರಿ ಹಿಡಿದರೆ ಸುಮಾರು ನೂರೈವತ್ತು ಕಿಲೋಮೀಟರ್. ಇವತ್ತು ಬೆಳಿಗ್ಗೆ ಹೋದವರು ಸಂಜೆಗೆ ಮನೆಯಲ್ಲಿರುತ್ತಾರೆ. 1948ರವರೆಗೆ ಹಾಗಿರಲಿಲ್ಲ. ನಮ್ಮದು ನಿಜಾಮರ ರಾಜ್ಯ, ಅದು ಇಂಗ್ಲಿಷರ ಮುಲುಕು. ನಳದುರ್ಗ ದಾಟಿದ ಮೇಲೆ ಗಡಿ, ಗಡಿಯಲ್ಲಿ ಸುಂಕ ವಸೂಲಿಯ ಕರೋಡಗಿರಿಯವರ ನಾಕಾ. ಅಂಚೆ ಚೀಟಿ ಬೇರೆ, ಸುಂಕ ಬೇರೆ, ರೊಕ್ಕವೂ ಬೇರೆ. ನಮ್ಮಲ್ಲಿ ಚಾರ್ಮಿನಾರ್ ಇರುವ ಹಾಲಿ ಸಿಕ್ಕಾ, ಅಲ್ಲಿ ರಾಜನ ಮುಖವಿರುವ ಕಲ್ದಾರ.

ನಮ್ಮ ಮುತ್ಯಾ ಸೊಲ್ಲಾಪುರದ ಬಟ್ಟೆ ಗಿರಣಿಯಲ್ಲಿ ದುಡಿದವನು. ಅವನಿಗೆ ಓದು ಬರುತ್ತಿರಲಿಲ್ಲ, ಆದರೆ ಏಳು ಹಾಲಿಗೆ ಆರು ಕಲ್ದಾರ ಎಂಬ ಲೆಕ್ಕ ನಾಲಿಗೆ ಮೇಲೆ ಇತ್ತು. ಸೊಲ್ಲಾಪುರದಲ್ಲಿ ಗಳಿಸಿದ 100 ಕಲ್ದಾರ ನಮ್ಮೂರಿಗೆ ಬಂದರೆ 116 ರೂಪಾಯಿ 10 ಆಣೆ 8 ಪೈ ಆಗುತ್ತಿತ್ತು. ಅದು ಖುಷಿಯ ಮಾತು. ತಿರುಗುಮುರುಗು ಮಾಡಿ ನೋಡಿ. ಇಲ್ಲಿ ಜೋಳ, ತೊಗರಿ ಮಾರಿದ 100 ರೂಪಾಯಿ ಅಲ್ಲಿಗೆ ಒಯ್ದರೆ ಕೈಗೆ ಸಿಗುತ್ತಿದ್ದದ್ದು 85 ರೂಪಾಯಿ 11 ಆಣೆ ಚಿಲ್ಲರೆ. ಅದರ ಮೇಲೆ ಸರಾಫನ ಬಟ್ಟಾ. ಸರಾಫ ನಾಣ್ಯವನ್ನು ಕಲ್ಲಿನ ಮೇಲೆ ಬಡಿದು ಸದ್ದು ಕೇಳುತ್ತಿದ್ದ. ಸದ್ದು ಮಂದವಾದರೆ ಇನ್ನೊಂದು ಆಣೆ ಕಡಿತ. ಗಿರಣಿ ಬಂದ್ ಬಿದ್ದಾಗ, ಜ್ವರ ಬಂದು ಮಲಗಿದಾಗ ಮನೆಯಿಂದ ರೊಕ್ಕ ತರಿಸಿದರೆ ಪ್ರತಿ ಸಲವೂ ಹೀಗೆ ಸವೆಯುತ್ತಿತ್ತು. ಅದಕ್ಕೇ ಮುತ್ಯಾ ಊರಿನ ರೊಕ್ಕವನ್ನು ಊರಲ್ಲೇ ಬಿಟ್ಟು, ಸೊಲ್ಲಾಪುರದಲ್ಲಿ ಸಾಲ ಮಾಡುತ್ತಿದ್ದನಂತೆ. ಮನೆಯಲ್ಲಿ ಇದ್ದೂ ಇಲ್ಲದವನ ಸಾಲ ಅದು. ದೊಡ್ಡ ವ್ಯಾಪಾರಿಗಳಿಗೆ ಹುಂಡಿ ಇತ್ತು. ಇಲ್ಲಿಯ ಸಾಹುಕಾರ ಬರೆದುಕೊಟ್ಟ ಚೀಟಿ ತೋರಿಸಿದರೆ ಅಲ್ಲಿಯ ಪೇಢಿಯವನು ಎಣಿಸಿ ಕೊಡುತ್ತಿದ್ದ. ಗಿರಣಿ ಕೂಲಿಯವನ ಹೆಸರಿಗೆ ಹುಂಡಿ ಬರೆಯುವವರು ಯಾರು?

1942ರ ಏಪ್ರಿಲ್ 5ರಂದು ಹೈದರಾಬಾದಿನ ಗನ್‌ಫೌಂಡ್ರಿಯಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಬಾಗಿಲು ತೆರೆಯಿತು. ಹಾಲಿ ಸಿಕ್ಕಾದ ಜವಾಬ್ದಾರಿ ಅದರ ಪಾಲಿಗೆ ಬಂತು. ಹುಡಗಿಯ ರೈತನಿಗೆ ಅದರಿಂದ ಆದದ್ದು ಅಷ್ಟಕ್ಕಷ್ಟೆ. ಆರು ವರ್ಷ ತುಂಬುವಷ್ಟರಲ್ಲಿ ದೊಡ್ಡ ಪೆಟ್ಟು ಬಿತ್ತು. 1947ರ ನವೆಂಬರ್ 29ರಂದು ನಿಜಾಮರು ದಿಲ್ಲಿಯೊಂದಿಗೆ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡರು. ಸ್ವಲ್ಪ ದಿನದಲ್ಲೇ ಅವರ ಸರ್ಕಾರ ಎರಡು ಸುಗ್ರೀವಾಜ್ಞೆ ಹೊರಡಿಸಿತು: ಬಂಗಾರ-ಬೆಳ್ಳಿ ಭಾರತಕ್ಕೆ ಹೋಗಬಾರದು, ಭಾರತದ ರೂಪಾಯಿ ಸಂಸ್ಥಾನದೊಳಗೆ ಚಲಾವಣೆ ಅಲ್ಲ. ಮುಂದೆ ನಿಜಾಮರ ಪರ ನಿಂತ ರಜಾಕಾರರ ಹಾವಳಿಗೆ ಹೆದರಿ ನಮ್ಮ ಸೀಮೆಯವರು ಸೊಲ್ಲಾಪುರದ ಕಡೆ ಓಡಿಹೋದಾಗ, ಸೆರಗಿನ ಗಂಟಿನಲ್ಲಿ ಇದ್ದದ್ದು ಹಾಲಿ. ಮುತ್ಯಾ ಆ ದಿನಗಳ ಮಾತು ಬಂದರೆ ರಜಾಕಾರರಿಗಿಂತ ಸರಾಫರನ್ನೇ ಹೆಚ್ಚು ಬೈಯುತ್ತಿದ್ದ.

ಇಷ್ಟಾದರೂ ಅವನ ರೊಕ್ಕ ಸವೆದಾದರೂ ಕೈಗೆ ಬಂತು. ಅವನ ಅರಸನ ರೊಕ್ಕ ಬರಲಿಲ್ಲ! 1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಶರಣಾಯಿತು. ಮೂರು ದಿನದ ಮೇಲೆ, ನಿಜಾಮ ಸರ್ಕಾರದ ಮಂತ್ರಿಯಾಗಿದ್ದ ಮೊಯಿನ್ ನವಾಜ್ ಜಂಗ್ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಲ್ಲಿದ್ದ 10,07,940 ಪೌಂಡ್ 9 ಶಿಲಿಂಗನ್ನು ಪಾಕಿಸ್ತಾನದ ಹೈಕಮಿಷನರ್ ರಹಿಮ್‌ತುಲ್ಲಾ ಅವರ ಖಾತೆಗೆ ಹಾಕಿಸಿದ. ವಾರದೊಳಗೆ ನಿಜಾಮರು ‘ನಮ್ಮ ಒಪ್ಪಿಗೆ ಇಲ್ಲದೆ ಆದದ್ದು, ವಾಪಸ್ ಹಾಕಿ’ ಎಂದು ಬ್ಯಾಂಕಿಗೆ ತಿಳಿಸಿದರು. ಪಾಕಿಸ್ತಾನದ ಒಪ್ಪಿಗೆ ಇಲ್ಲದೆ ಆಗುವುದಿಲ್ಲ ಎಂದಿತು ಬ್ಯಾಂಕು. 1957ರಲ್ಲಿ ಹೌಸ್ ಆಫ್ ಲಾರ್ಡ್ಸ್, ಇನ್ನೊಂದು ಸಾರ್ವಭೌಮ ದೇಶವನ್ನು ಇಲ್ಲಿ ಕಟಕಟೆಗೆ ಎಳೆಯುವಂತಿಲ್ಲ ಎಂದು ದಾವೆ ನಿಲ್ಲಿಸಿತು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1967ರಲ್ಲಿ ತೀರಿಕೊಂಡರು. ಬಡ್ಡಿ ಬೆಳೆದು ಬೆಳೆದು ಸುಮಾರು 3.5 ಕೋಟಿ ಪೌಂಡ್ ಆದ ಮೇಲೆ, 2019ರ ಅಕ್ಟೋಬರ್ 2ರಂದು, ನ್ಯಾಯಮೂರ್ತಿ ಮಾರ್ಕಸ್ ಸ್ಮಿತ್ ಅದು ನಿಜಾಮರ ಮೊಮ್ಮಕ್ಕಳಿಗೂ ಭಾರತಕ್ಕೂ ಸೇರಿದ್ದು ಎಂದು ತೀರ್ಪು ಕೊಟ್ಟರು. ಜಗತ್ತಿನ ಅತಿ ಶ್ರೀಮಂತ ಎನಿಸಿಕೊಂಡವನ ಖಾತೆಯ ಗತಿ ಇದು.

ಹಾಲಿ 1950ರ ದಶಕದಲ್ಲಿ ಹೋಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, ಸೊಲ್ಲಾಪುರದ ಗಡಿ ಬರೀ ನಕಾಶೆಯ ಗೆರೆಯಾಯಿತು. ಪರದೇಶ ಮಾತ್ರ ಇನ್ನೂ ದೂರ ಸರಿಯಿತು. ಕೊಲ್ಲಿಯ ನಾಡುಗಳಲ್ಲಿ ಆಗ ನಮ್ಮ ರೂಪಾಯಿಯೇ ನಡೆಯುತ್ತಿತ್ತು. ಆ ರೂಪಾಯಿ ಚಿನ್ನದ ಕಳ್ಳಸಾಗಣೆಗೆ ದಾರಿಯಾಯಿತೆಂದು ರಿಸರ್ವ್ ಬ್ಯಾಂಕ್ 1959ರಲ್ಲಿ ಕೊಲ್ಲಿಗೇ ಬೇರೆ ನೋಟು ಅಚ್ಚು ಹಾಕಿಸಿತು. ಹಜ್‌ಗೆ ಹೋಗುವವರಿಗೆ ಇನ್ನೊಂದು. 1961ರಲ್ಲಿ ಕುವೈತ್ ತನ್ನದೇ ದಿನಾರ್ ತಂದಿತು. 1966ರ ಜೂನ್‌ನಲ್ಲಿ ರೂಪಾಯಿಯ ಬೆಲೆ ಇಳಿಸಿದ್ದೇ ತಡ, ದುಬೈ, ಕತಾರ್ ಕೂಡ ಕೈಬಿಟ್ಟವು. ಆ ಕಾಲದಲ್ಲಿ ವಿಮಾನ ಹತ್ತುವವನ ಕೈಗೆ ಸಿಗುತ್ತಿದ್ದದ್ದು 8 ಡಾಲರ್. ಊರಲ್ಲಿ ನೂರು ಎಕರೆ ಇದ್ದರೂ ಎಂಟೇ. ವಿದೇಶಿ ವಿನಿಮಯ ಅಷ್ಟು ಕಡಿಮೆ ಇತ್ತು ಎಂಬುದು ನಿಜ. ಆದರೂ ಅದು ಸರ್ಕಾರದ ಕೊರತೆ, ದಂಡ ತೆತ್ತವನು ಪ್ರಯಾಣಿಕ. ವರ್ಷಕ್ಕೆ 25,000 ಡಾಲರ್ ವರೆಗೆ ಹೊರದೇಶಕ್ಕೆ ಕಳಿಸಲು ಬಿಟ್ಟದ್ದು 2004ರಲ್ಲಿ. ಈಗ ಅದು 2,50,000.

1973ರ ನಂತರ ತೈಲದ ಬೆಲೆ ಏರಿತು. ಹುಮನಾಬಾದ್, ಬಸವಕಲ್ಯಾಣ, ಚಿಟಗುಪ್ಪದ ಗೌಂಡಿಗಳು, ಡ್ರೈವರುಗಳು, ಟೇಲರುಗಳು ಕೊಲ್ಲಿಗೆ ಹೊರಟರು. ನಾನು ಆ ಹೊತ್ತಿಗೆ ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದೆ. ಅನಿವಾಸಿಗಳ ಎನ್‌ಆರ್‌ಇ ಖಾತೆ 1970ರಿಂದಲೇ ಇತ್ತು. ನಮ್ಮ ಕಡೆಯ ಗೌಂಡಿಗೆ ಅದರ ಸುದ್ದಿ ಯಾರು ಹೇಳಬೇಕು? ಹೋಗುವ ಮುಂಚೆ ತೆರೆದ ಸಾದಾ ಉಳಿತಾಯ ಖಾತೆಗೇ ರಿಜಿಸ್ಟರ್ ಟಪಾಲಿನಲ್ಲಿ ಬಂದ ಡ್ರಾಫ್ಟ್ ಜಮಾ ಮಾಡುತ್ತಿದ್ದರು. ಜಮಾ ಮಾಡಲು ಯಾರು ಬಂದರೂ ನಡೆಯುತ್ತದೆ. ತೆಗೆಯಲು ಖಾತೆದಾರನೇ ಬೇಕು. ಅದರಲ್ಲೂ ಹೆಬ್ಬೆಟ್ಟಿನ ಖಾತೆಗೆ ಚೆಕ್‌ಬುಕ್ ಇಲ್ಲ. ಫೋಟೋ ಅಂಟಿಸಿದ ಪಾಸ್‌ಬುಕ್ ಹಿಡಿದು ಅವನೇ ಎದುರಿಗೆ ನಿಂತು ಹೆಬ್ಬೆಟ್ಟು ಒತ್ತಬೇಕು. ಆ ಹೆಬ್ಬೆಟ್ಟು ಜೆದ್ದಾದಲ್ಲಿ ಇಟ್ಟಿಗೆ ಹಿಡಿದಿದೆ.

ಒಂದು ಸಲ ಹುಡಗಿಯ ಹೆಣ್ಣುಮಗಳೊಬ್ಬಳು ಬಂದಳು. ಕೈಯಲ್ಲಿ ಗಂಡನ ಪಾಸ್‌ಬುಕ್, ಬೀದರಿನ ಆಸ್ಪತ್ರೆಯ ಚೀಟಿ, ಮತ್ತು ಗಂಡ ನೀಲಿ ಶಾಯಿಯಲ್ಲಿ ಹೆಬ್ಬೆಟ್ಟು ಒತ್ತಿ ಕಳಿಸಿದ ಖಾಲಿ ಹಾಳೆ. ಖಾತೆಯಲ್ಲಿ ಸಾಕಷ್ಟು ಇತ್ತು. ಮ್ಯಾನೇಜರು ನಿಯಮ ಓದಿ ಹೇಳಿದರು.

‘ರೊಕ್ಕ ಅವರ್ದೇ ಅದ, ಅವರು ನಮ್ಮವರೇ ಇದ್ದಾರ. ಮತ್ಯಾಕ ಕೊಡಲ್ಲರಿ, ಸಾಹೇಬ್ರ?’

ಭಾರತದ ದೂತಾವಾಸದಲ್ಲಿ ಮುಖ್ತಿಯಾರ ಪತ್ರಕ್ಕೆ ಮುದ್ರೆ ಒತ್ತಿಸಿ, ಇಲ್ಲಿಗೆ ಕಳಿಸಿ, ಇಲ್ಲಿ ಸ್ಟಾಂಪು ಮಾಡಿಸಬೇಕಿತ್ತು. ಅಷ್ಟಕ್ಕೆ ತಿಂಗಳುಗಳು ಬೇಕು. ಆಕೆ ಅವತ್ತೇ ಕಿವಿಯೋಲೆ ಒತ್ತೆ ಇಟ್ಟು ಬೀದರಿಗೆ ಹೋದಳು. ನಿಯಮ ತಪ್ಪಲ್ಲ, ಅದಿಲ್ಲದಿದ್ದರೆ ಭಾವಂದಿರು ಮೈದುನರು ಎಷ್ಟು ಖಾತೆ ಬರಿದು ಮಾಡುತ್ತಿದ್ದರೋ ನನಗೆ ಗೊತ್ತು. ಖಾತೆ ತೆರೆದ ದಿನವೇ ಅವನಿಗೆ ಇದನ್ನು ಯಾರೂ ಹೇಳದೆ ಇದ್ದದ್ದು ಮಾತ್ರ ತಪ್ಪು.

ಈಗ ಹೆಬ್ಬೆಟ್ಟಿನ ಜಾಗಕ್ಕೆ ಓಟಿಪಿ ಬಂದಿದೆ. ರಿಚಾರ್ಜ್ ಇಲ್ಲದೆ ಬಿದ್ದ ಊರಿನ ಸಿಮ್ಮು ಸತ್ತರೆ, ರಿಯಾದಿನಲ್ಲಿ ಕೂತವನಿಗೆ ತನ್ನದೇ ಖಾತೆ ತೆರೆಯುವುದಿಲ್ಲ. 2016ರ ನೋಟು ರದ್ದತಿಯಲ್ಲಿ ಅನಿವಾಸಿಗಳಿಗೆ 2017ರ ಜೂನ್ 30ರವರೆಗೆ ಗಡುವು ಕೊಟ್ಟರು. ಬದಲಿಸುವ ರಿಸರ್ವ್ ಬ್ಯಾಂಕ್ ಕಚೇರಿ ಮುಂಬೈ, ದಿಲ್ಲಿ, ಚೆನ್ನೈ, ಕೋಲ್ಕತ್ತ, ನಾಗಪುರದಲ್ಲಷ್ಟೇ ಇತ್ತು, ಕರ್ನಾಟಕದಲ್ಲಿ ಒಂದೂ ಇರಲಿಲ್ಲ. ಒಳ್ಳೆಯದೂ ಆಗಿದೆ. ಸೌದಿ, ಯುಎಇ, ಕತಾರ್, ಓಮಾನ್ ಸೇರಿ ಹತ್ತು ದೇಶಗಳ ಮೊಬೈಲ್ ನಂಬರಿನಿಂದ ಅನಿವಾಸಿಗಳ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳ ಯುಪಿಐ ನಡೆಸಲು 2023ರಲ್ಲಿ ಅನುಮತಿ ಸಿಕ್ಕಿತು.

ಆದ್ದರಿಂದ ವೀಸಾ ಕೈಗೆ ಬಂದ ಹುಡುಗರೇ, ಏಜೆಂಟನ ಮನೆಗೆ ಅಲೆಯುವ ದಿನಗಳಲ್ಲಿ ಒಂದು ಬೆಳಿಗ್ಗೆ ಬ್ಯಾಂಕಿಗೂ ಹೋಗಿ. ಸಾದಾ ಖಾತೆಯನ್ನು ಎನ್‌ಆರ್‌ಒ ಮಾಡಿಸಿ, ಹೆಂಡತಿಗೋ ತಾಯಿಗೋ ಹಣ ತೆಗೆಯುವ ಅಧಿಕಾರಪತ್ರ ಬರೆದುಕೊಡಿ, ಅಲ್ಲಿಗೆ ಹೋದ ಮೇಲೆ ಅಲ್ಲಿಯ ನಂಬರನ್ನು ಖಾತೆಗೆ ಸೇರಿಸಿ. ಇದಕ್ಕೆ ಬ್ಯಾಂಕಿನವರು ‘ನಾಳೆ ಬಾ’ ಎಂದರೆ ನಾಳೆಯೂ ಹೋಗಿ.